ಬೊಂಬೆಯ ಮುಂದೆ ಸೀನಿಯರ್

ಹೊಳಗುಂದದ ಹೊಲದಲ್ಲಿ ಹಾವು ಕಡಿದರೆ ಆದೋನಿಗೆ ಓಡಬೇಕು. ಅಲ್ಲಿ ಆಗದಿದ್ದರೆ ಕರ್ನೂಲು, ಇಲ್ಲವೇ ಗಡಿ ದಾಟಿ ಬಳ್ಳಾರಿ. ದೊಡ್ಡಾಸ್ಪತ್ರೆಯಲ್ಲಿ ನಡುರಾತ್ರಿ ಮೊದಲು ಕೈಗೆ ಸಿಗುವವನು ಹೌಸ್ ಸರ್ಜನ್. ಅವನು ಯಾರ ಕೈಕೆಳಗೆ ಪಳಗಿದ ಎಂಬುದು ನಮ್ಮೂರಿಗೂ ಬೇಕಾದ ಸಂಗತಿ.

2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದ ಮೇಲೆ, ರೋಗಿಯ ಬದಲು ಬೊಂಬೆಯ ಮೇಲೆ ಕೈ ಪಳಗಿಸುವ ಸ್ಕಿಲ್ ಲ್ಯಾಬ್ ಕಡ್ಡಾಯವಾಯಿತು. ಈ ಅಭ್ಯಾಸಕ್ಕೆ ಒಂದೆರಡು ವರ್ಷ ಮುಂದಿರುವ ಸೀನಿಯರನ್ನೇ ಗುರುವಾಗಿ ನಿಲ್ಲಿಸುವ ಪದ್ಧತಿ ಹೊರದೇಶಗಳಲ್ಲಿ ಬೇರೂರಿದೆ. ನಮ್ಮ ಹಾಸ್ಟೆಲುಗಳಲ್ಲಿ ಇದು ಹೆಸರಿಲ್ಲದೆ ಎಂದಿನಿಂದಲೋ ನಡೆದಿದೆ ಅನ್ನಿ.

ಕೊಳಕುಮಂಡಲ ಕಡಿದವರ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಿಸದೆ ಇಡಬೇಕು. ಬಗ್ಗಿಸಿದಾಗ ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆಯೆಂದು ಲೆಕ್ಕ. ಪ್ರೊಫೆಸರು ಇಷ್ಟು ಹೇಳಿ ಮುಂದಕ್ಕೆ ಹೋಗುತ್ತಾರೆ. ಹೋದ ವರ್ಷ ತಾನೇ ಎಡವಿದ ಸೀನಿಯರ್ ಮಾತ್ರ, 'ಲೋ, ಪ್ಲಾಸ್ಟಿಕ್ ಟ್ಯೂಬ್ ಬೇಡ, ಸೋಪಲ್ಲಿ ತೊಳೆದದ್ದೂ ಬೇಡ, ನಡುವೆ ಎತ್ತಿ ನೋಡಬೇಡ' ಅನ್ನುತ್ತಾನೆ. ಎಡವುವ ಜಾಗ ಅವನಿಗಿನ್ನೂ ಮರೆತಿಲ್ಲ.

ಆದರೆ ತಪ್ಪನ್ನೂ ಅವನು ಅಷ್ಟೇ ಅಕ್ಕರೆಯಿಂದ ದಾಟಿಸುತ್ತಾನೆ. ಸಿಪಿಆರ್‌ನಲ್ಲಿ ಎದೆ 5ರಿಂದ 6 ಸೆಂಟಿಮೀಟರ್ ತಗ್ಗಬೇಕು, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಕೊನೆಯದನ್ನು ಆತುರದಲ್ಲಿ ನುಂಗುವ ಸೀನಿಯರಿನಿಂದ ಇಡೀ ಬ್ಯಾಚು ಅದನ್ನೇ ಕಲಿಯುತ್ತದೆ. ನಾರ್ವೆಯ ಲೇರ್ಡಾಲ್ 1960ರಲ್ಲಿ ತಂದ ಆ್ಯನ್ ಬೊಂಬೆ ಪಕ್ಕೆಲುಬು ನೋಯಿತೆಂದು ಕೂಗುವುದಿಲ್ಲವಲ್ಲ! ಹಾಗಾಗಿ ಅಭ್ಯಾಸದ ನಂತರದ ಚರ್ಚೆಯಲ್ಲಿ ಅಧ್ಯಾಪಕರು ಕೂತಿರಲೇಬೇಕು. ಹಾಜರಿಗೆ ಸಹಿ ಹಾಕಿ ಎದ್ದುಹೋದರೆ, ಸಿಬ್ಬಂದಿ ಕೊರತೆ ಮುಚ್ಚಲು ಹುಡುಗರನ್ನು ಬಳಸಿಕೊಂಡಂತೆ.

ನನ್ನ ದೊಡ್ಡ ತಕರಾರು ಬೇರೆ. ಬೊಂಬೆಗೆ ಕಟ್ಟುವ ಕೇಸು ಇಂಗ್ಲಿಷಿನಲ್ಲಿರುತ್ತದೆ: ವಯಸ್ಸು, ಬಿಪಿ, ನಾಡಿ. ತೆಲುಗಿನವರು ಕಟ್ಲಪಾಮು ಅನ್ನುವ ಕ್ರೈಟ್ ಹಾವು ನೆಲದ ಮೇಲೆ ಮಲಗಿದ್ದ ಮುದುಕಿಗೆ ಕಡಿದರೆ ಗಾಯವೇ ಕಾಣದಿರಬಹುದು. 'ಇರುವಿ ಕಡದಂಗಾತಪ್ಪ, ಕಣ್ಣು ಎಳೀತಾವ' ಎಂದಷ್ಟೇ ಹೇಳುತ್ತಾಳೆ. ರೆಪ್ಪೆ ಜೋತುಬಿದ್ದದ್ದು ನಿದ್ದೆಯಲ್ಲ, ವಿಷ ನರಕ್ಕೆ ಹಿಡಿದದ್ದು ಎಂದು ಹೊಳೆಯಲು ಆ ಮಾತು ಕಿವಿಗೆ ಬಿದ್ದಿರಬೇಕು. ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯೂ ಇದೆ, ಪ್ರಥಮ ಚಿಕಿತ್ಸೆಯೂ ಇದೆ. ಎರಡೂ ಬೇರೆ ಬೇರೆ ತಲೆಬರಹದಡಿ.

ಆದೋನಿಯ ಮೆಡಿಕಲ್ ಕಾಲೇಜಿಗೆ 2021ರಲ್ಲಿ ಅಡಿಗಲ್ಲು ಬಿತ್ತು. ಅಲ್ಲಿ ಲ್ಯಾಬು ತೆರೆದಾಗ ಬೊಂಬೆಗೆ ದುಡ್ಡು ಸುರಿಯಲಿ, ಬೇಡವೆನ್ನುವುದಿಲ್ಲ. ಆಲೂರು, ಸಿರುಗುಪ್ಪ ಕಡೆಯ ಸೀನಿಯರುಗಳಿಗೆ ಆ ಮುದುಕಿಯ ಪಾತ್ರ ಕೊಡಲು ಟೆಂಡರೇನೂ ಕರೆಯಬೇಕಿಲ್ಲ. ಪಕ್ಕದಲ್ಲಿ ಒಬ್ಬರು ಅಧ್ಯಾಪಕರು ಕೊನೆತನಕ ಕೂತರೆ ಆಯಿತು.