ಎರಡು ಶಾಸನಗಳ ನಡುವೆ
ರಾಮಕೃಷ್ಣ ಹೆಗಡೆಯವರ ಸಾರ್ವಜನಿಕ ಜೀವನ: ಒಂದು ಪುನರ್ವಿಮರ್ಶೆ

ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಬೆಟ್ಟದ ಮೇಲೆ ಜೈನಕವಿ ರವಿಕೀರ್ತಿಯು ಶಕವರ್ಷ 556ರಲ್ಲಿ, ಅಂದರೆ ಕ್ರಿ.ಶ. 634-35ರಲ್ಲಿ, ಜಿನಾಲಯವೊಂದನ್ನು ಕಟ್ಟಿಸಿ ಅದರ ಗೋಡೆಯಲ್ಲಿ ಇಮ್ಮಡಿ ಪುಲಿಕೇಶಿಯ ಪ್ರಶಸ್ತಿಯನ್ನು ಕೊರೆಯಿಸಿದನು. ಕಾಳಿದಾಸ ಭಾರವಿಗಳ ಸಾಲಿನಲ್ಲಿ ತನ್ನನ್ನು ಇರಿಸಿಕೊಂಡ ಈ ಕವಿಯ ಶಾಸನದಲ್ಲಿ ಚಾಲುಕ್ಯ ಚಕ್ರವರ್ತಿಗೆ ಸೋಲೆಂಬುದೇ ಇಲ್ಲ. ಅದೇ ಅರಸನ ರಾಜಧಾನಿಯಾದ ಬಾದಾಮಿಯ ಬಂಡೆಯೊಂದರ ಮೇಲೆ ಇನ್ನೊಂದು ಶಾಸನವಿದೆ. ಅದು ವಾತಾಪಿಯನ್ನು ಗೆದ್ದ ಪಲ್ಲವ ನರಸಿಂಹವರ್ಮನದು. ಮೇಗುತಿಯ ಪ್ರಶಸ್ತಿ ಕೆತ್ತಿದ ಹತ್ತು ವರ್ಷಗಳೊಳಗೇ ಆ ನಗರ ಶತ್ರುವಿನ ವಶವಾಗಿತ್ತು. ಒಂದು ಶಾಸನವನ್ನು ಮಾತ್ರ ಓದಿದವನಿಗೆ ಪುಲಿಕೇಶಿಯು ಅಜೇಯ. ಇನ್ನೊಂದನ್ನು ಮಾತ್ರ ಓದಿದವನಿಗೆ ಪರಾಜಿತ. ಇತಿಹಾಸವು ಎರಡನ್ನೂ ಓದುತ್ತದೆ. ಅನೇಕಾಂತವೆಂದು ಜೈನಾಚಾರ್ಯರು ಬೋಧಿಸಿದ ದೃಷ್ಟಿಯೂ ಇದನ್ನೇ ಬೇಡುತ್ತದೆ.

ಈ ಮಾತನ್ನು ಇಲ್ಲಿ ಸ್ಮರಿಸಲು ಕಾರಣವಿದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ 1926ರ ಆಗಸ್ಟ್ 29ರಂದು ಜನಿಸಿದ ರಾಮಕೃಷ್ಣ ಹೆಗಡೆಯವರು 2004ರ ಜನವರಿ 12ರಂದು ನಿಧನರಾದರು. 1983ರಿಂದ 1988ರವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಅವರು ‘ಮೌಲ್ಯಾಧಾರಿತ ರಾಜಕಾರಣ’ ಎಂಬ ಮಾತನ್ನು ನಾಡಿನ ನಾಲಿಗೆಯ ಮೇಲೆ ನಿಲ್ಲಿಸಿದರು. ಅವರು ಬದುಕಿದ್ದಾಗ ಆ ಮಾತನ್ನೇ ಹಿಡಿದು ಅವರನ್ನು ಹಳಿದವರು ಬಹಳ ಮಂದಿ. ಅವರ ಮರಣಾನಂತರ ನಿಂದೆ ತಗ್ಗಿ ಸ್ತುತಿ ಬೆಳೆದಿದೆ. ಅವರನ್ನು ಮತ್ತೊಮ್ಮೆ ತೂಗಿ ನೋಡುವ ಕಾರ್ಯದಲ್ಲಿ ಬಾಗಲಕೋಟೆಯ ಸೀಮೆಗೆ ವಿಶೇಷವಾದ ಪಾಲುಂಟು. ಏಕೆಂದರೆ ಅವರನ್ನು ಮತಪೆಟ್ಟಿಗೆಯಲ್ಲಿ ತೂಗಿ ಬೇಡವೆಂದ ಸೀಮೆ ಇದು.

ಬಾಗಲಕೋಟೆಯ ತೀರ್ಪು

ಸೋತು ಬಂದ ನಾಯಕರಿಗೆ ಬಾಗಲಕೋಟೆಯು ಬಾಗಿಲು ಮುಚ್ಚಿದ ಊರೇನಲ್ಲ. 1962ರಲ್ಲಿ ಹೊಸದುರ್ಗದಲ್ಲಿ ಪರಾಭವಗೊಂಡ ಎಸ್. ನಿಜಲಿಂಗಪ್ಪನವರನ್ನು ಉಪಚುನಾವಣೆಯಲ್ಲಿ ವಿಧಾನಸಭೆಗೆ ಕಳುಹಿಸಿ ಮುಖ್ಯಮಂತ್ರಿ ಪದವಿಯಲ್ಲಿ ನೆಲೆಗೊಳಿಸಿದ್ದು ಇದೇ ಊರು. ಆದರೆ 1991ರ ಲೋಕಸಭಾ ಚುನಾವಣೆಯಲ್ಲಿ ಹೆಗಡೆಯವರು ಇಲ್ಲಿಗೆ ಬಂದಾಗ ಫಲಿತಾಂಶ ಬೇರೆಯಾಯಿತು. ದೇಶದಾದ್ಯಂತ ಹೆಸರಾದ, ಯೋಜನಾ ಆಯೋಗದ ಉಪಾಧ್ಯಕ್ಷರೂ ಆಗಿದ್ದ ಧುರೀಣರು ಜಮಖಂಡಿ ಭಾಗದ ರೈತ ಮುಖಂಡ ಸಿದ್ದು ನ್ಯಾಮಗೌಡರೆದುರು ಸೋತರು.

ಈ ಸೋಲಿಗೆ ಹಲವು ಕಾರಣಗಳಿವೆ. ಚುನಾವಣೆಯ ನಡುವೆ, ಮೇ 21ರಂದು, ರಾಜೀವ್ ಗಾಂಧಿಯವರ ಹತ್ಯೆಯಾಗಿತ್ತು. ರಾಜ್ಯದ 28 ಸ್ಥಾನಗಳಲ್ಲಿ ಕಾಂಗ್ರೆಸ್ 23ನ್ನು ಗೆದ್ದಿತು. ಜಾತಿಯ ಲೆಕ್ಕಾಚಾರವೂ ಇರಲಿಲ್ಲವೆನ್ನಲಾಗದು. ಆದರೆ ನ್ಯಾಮಗೌಡರ ಹಿಂದೆ ಒಂದು ಕೆಲಸ ನಿಂತಿತ್ತು. ಕೃಷ್ಣಾ ತೀರದ ರೈತರು ಸರ್ಕಾರದ ದಾರಿ ಕಾಯದೆ ತಮ್ಮದೇ ವಂತಿಗೆ ಹಾಗೂ ಶ್ರಮದಿಂದ ಚಿಕ್ಕಪಡಸಲಗಿಯಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದ್ದರು. 1989ರಲ್ಲಿ ಮುಗಿದ ಈ ಶ್ರಮಬಿಂದು ಸಾಗರದಿಂದ ‘ಬ್ಯಾರೇಜ್ ಸಿದ್ದು’ ಎಂಬ ಹೆಸರು ಮನೆಮಾತಾಗಿತ್ತು. ಜನರು ತಮ್ಮ ಹಿತವನ್ನು ತಾವೇ ನಿರ್ವಹಿಸಿಕೊಳ್ಳಬೇಕೆಂಬುದು ಹೆಗಡೆಯವರ ಆಡಳಿತದ ಮುಖ್ಯ ತತ್ತ್ವವಾಗಿತ್ತು. ಆ ತತ್ತ್ವವನ್ನು ಶಾಸನವಾಗಿಸಿದವರನ್ನು ಬಿಟ್ಟು ಅದನ್ನು ಕಲ್ಲುಮಣ್ಣಿನಲ್ಲಿ ಆಚರಿಸಿದವರನ್ನು ಮತದಾರರು ಆರಿಸಿದರು. ಆದುದರಿಂದ ಬಾಗಲಕೋಟೆಯ ತೀರ್ಪನ್ನು ಹೆಗಡೆಯವರ ವಿಚಾರದ ತಿರಸ್ಕಾರವೆಂದು ಭಾವಿಸುವುದು ಅವಸರವಾದೀತು.

ಮೊದಲ ಶಾಸನ

ಆ ವಿಚಾರದ ಫಲವನ್ನು ಮೊದಲು ನೋಡಬೇಕು. 1983ರ ಜನವರಿ 10ರಂದು ಹೆಗಡೆಯವರು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ 1983ರ ಕಾನೂನು ರೂಪುಗೊಂಡು, 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. ಸ್ತ್ರೀಯರಿಗೆ ಶೇಕಡಾ 25ರಷ್ಟು ಸ್ಥಾನಗಳು ಮೀಸಲಾದವು. ಜಿಲ್ಲಾಡಳಿತದ ಅಧಿಕಾರ ಚುನಾಯಿತ ಅಧ್ಯಕ್ಷರ ಕೈಗೆ ಬಂದಿತು. ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬರುವುದಕ್ಕೆ ಆರು ವರ್ಷಗಳ ಮೊದಲೇ ಕನ್ನಡ ನಾಡಿನ ಹಳ್ಳಿಯ ಹೆಣ್ಣುಮಕ್ಕಳು ಪಂಚಾಯಿತಿಯ ಕಟ್ಟೆಯನ್ನು ಅಧಿಕಾರದಿಂದ ಏರಿದ್ದರು. ಈ ಕಾರ್ಯದ ಯಶಸ್ಸಿನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬರದು ದೊಡ್ಡ ಪಾಲು. ಬರಗಾಲದ ಆ ವರ್ಷಗಳಲ್ಲಿ ಊರೂರಿಗೆ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡ ಅವರು 1988ರಲ್ಲಿ ತೀರಿಕೊಂಡರು. ಸಹೋದ್ಯೋಗಿಗೆ ಕೆಲಸಮಾಡುವ ಸ್ವಾತಂತ್ರ್ಯ ಕೊಟ್ಟು ಅವನ ಕೀರ್ತಿಗೆ ಅಸೂಯೆಪಡದಿರುವುದು ಅಧಿಕಾರದಲ್ಲಿ ವಿರಳವಾದ ಗುಣ. ಅದು ಹೆಗಡೆಯವರಲ್ಲಿತ್ತು.

1984ರ ಲೋಕಾಯುಕ್ತ ಕಾಯ್ದೆಯೂ ಅವರ ಕಾಲದ್ದೇ. ಆಳುವವರ ಮೇಲೆ ದೂರು ಕೇಳುವ ಸಂಸ್ಥೆಯನ್ನು ಆಳುವವರೇ ಸ್ಥಾಪಿಸಿದ್ದು ಸಣ್ಣ ಮಾತಲ್ಲ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ಈ ಸಂಸ್ಥೆಯ ಬಲವನ್ನು ಕುಗ್ಗಿಸಲಾಯಿತು. 2022ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯವು ಆ ದಳವನ್ನು ರದ್ದುಪಡಿಸಿದಾಗ ನಾಡು ಲೋಕಾಯುಕ್ತದ ಬೆಲೆಯನ್ನು ಮತ್ತೆ ಅರಿಯಿತು.

1984ರ ಡಿಸೆಂಬರ್‌ನಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ನಾಲ್ಕೇ ದೊರೆತಾಗ ಹೆಗಡೆಯವರು ಜನಾದೇಶ ತಮಗಿಲ್ಲವೆಂದು ರಾಜೀನಾಮೆಯಿತ್ತರು. 1985ರ ಮಾರ್ಚ್‌ನಲ್ಲಿ ಜನರು ಅವರ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನಗಳನ್ನು ಕೊಟ್ಟರು. ತ್ಯಾಗಕ್ಕೆ ಇಷ್ಟು ಶೀಘ್ರವಾಗಿ ಫಲ ದೊರೆತದ್ದು ಅವರಿಗೆ ಹಿತವನ್ನೇ ಮಾಡಿತೇ ಎಂಬುದು ಮುಂದಿನ ಘಟನೆಗಳನ್ನು ನೋಡಿದಾಗ ಮೂಡುವ ಪ್ರಶ್ನೆ.

ಎರಡನೆಯ ಶಾಸನ

1986ರ ಫೆಬ್ರುವರಿಯಲ್ಲಿ ಸಾರಾಯಿಯನ್ನು ಸೀಸೆಗೆ ತುಂಬುವ ಗುತ್ತಿಗೆಗಳ ವಿಷಯದಲ್ಲಿ ಉಚ್ಚ ನ್ಯಾಯಾಲಯವು ಸರ್ಕಾರವನ್ನು ಟೀಕಿಸಿತು. ಹೆಗಡೆಯವರು ರಾಜೀನಾಮೆಯಿತ್ತು ಮೂರು ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಅಂದಿನ ಚರ್ಚೆಯೆಲ್ಲ ಗುತ್ತಿಗೆ ನೀಡಿದ ಕ್ರಮದ ಸುತ್ತ ನಡೆಯಿತು. ಮದ್ಯತ್ಯಾಗವನ್ನು ಶ್ರಾವಕನ ಮೂಲಗುಣವೆಂದು ಎಣಿಸುವ ಸಮಾಜಕ್ಕೆ ಇನ್ನೂ ಮೂಲಭೂತವಾದ ಪ್ರಶ್ನೆಯೊಂದಿತ್ತು. ಬಡವನ ಮನೆಯನ್ನು ಕೆಡಿಸುವ ಸಾರಾಯಿಯಿಂದ ಬೊಕ್ಕಸ ತುಂಬಿಸುವ ಆಡಳಿತ ಮೌಲ್ಯಾಧಾರಿತವಾಗುವುದು ಹೇಗೆ? ಈ ದೋಷ ಹೆಗಡೆಯವರೊಬ್ಬರದಲ್ಲ. ಅವರ ಹಿಂದಿನವರೂ ಮುಂದಿನವರೂ ಅದರಲ್ಲಿ ಪಾಲುದಾರರು. ರಾಜ್ಯದಲ್ಲಿ ಸಾರಾಯಿ ನಿಷೇಧವಾದುದು 2007ರಲ್ಲಿ.

ದೊಡ್ಡ ಆಘಾತ ಬಂದುದು 1988ರಲ್ಲಿ. ರಾಜಕಾರಣಿಗಳ, ಅದರಲ್ಲೂ ಸ್ವಪಕ್ಷೀಯರ, ದೂರವಾಣಿಗಳನ್ನು ಕದ್ದಾಲಿಸಿದ ಸಂಗತಿ ಬಯಲಾಗಿ, ಆಗಸ್ಟ್ 10ರಂದು ಹೆಗಡೆಯವರು ನೈತಿಕ ಹೊಣೆ ಹೊತ್ತು ಪದತ್ಯಾಗ ಮಾಡಿದರು. ಇದನ್ನು ಆಡಳಿತದ ಸಣ್ಣ ಲೋಪವೆಂದು ಇಂದು ಹಗುರಾಗಿ ಹೇಳುವವರಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದಗಳನ್ನು ಹೆಸರಿಸಿದ್ದಾರೆ. ಏಕಾಂತದಲ್ಲಿ ನಡೆದುದನ್ನು ಬಯಲುಮಾಡುವುದು ಮೊದಲನೆಯದು; ಇನ್ನೊಬ್ಬರ ಗುಪ್ತಾಭಿಪ್ರಾಯವನ್ನು ಇಂಗಿತಗಳಿಂದ ಗ್ರಹಿಸಿ ಹೊರಗೆಡಹುವುದು ಎರಡನೆಯದು. ಸುಳ್ಳಾಡದಿದ್ದರೂ ಪರರ ಗುಟ್ಟಿಗೆ ಕನ್ನ ಹಾಕಿದವನು ಸತ್ಯವ್ರತಕ್ಕೆ ಕುಂದು ತಂದನೆಂಬುದು ಈ ಎಣಿಕೆಯ ಸೂಕ್ಷ್ಮ. 1885ರ ಟೆಲಿಗ್ರಾಫ್ ಕಾಯ್ದೆಯು ಸಾರ್ವಜನಿಕ ಸುರಕ್ಷತೆಯಂತಹ ಸಂದರ್ಭಗಳಿಗೆ ಕೊಟ್ಟ ಅಧಿಕಾರವನ್ನು ಪಕ್ಷದೊಳಗಿನ ಶಂಕೆಗೆ ಬಳಸುವಂತಿರಲಿಲ್ಲ. ದೂರವಾಣಿಯ ಮಾತು ಖಾಸಗಿತನದ ಹಕ್ಕಿಗೆ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತು. 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಕಾಲ ಸರಿದಂತೆ ಈ ದೋಷದ ಗುರುತ್ವವು ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಭೂಮಿ ಹಂಚಿಕೆಯ ವಿಷಯದಲ್ಲಿ ಕುಲದೀಪ್ ಸಿಂಗ್ ಆಯೋಗದ ಟೀಕೆಯ ನಂತರ 1990ರಲ್ಲಿ ಅವರು ಯೋಜನಾ ಆಯೋಗವನ್ನು ತೊರೆದರು. 1996ರಲ್ಲಿ ಜನತಾದಳದಿಂದ ಉಚ್ಚಾಟಿತರಾದ ಮೇಲೆ ಲೋಕಶಕ್ತಿಯನ್ನು ಕಟ್ಟಿ, 1998ರಲ್ಲಿ ವಾಜಪೇಯಿಯವರ ಸಂಪುಟದಲ್ಲಿ ವಾಣಿಜ್ಯ ಸಚಿವರಾದರು. ಈ ಕೊನೆಯ ಅಧ್ಯಾಯದಲ್ಲಿ ಮೌಲ್ಯಗಳ ಮಾತಿಗಿಂತ ಮಾನಕಷಾಯದ ಒತ್ತಡವೇ ಹೆಚ್ಚೆಂದು ಅನೇಕರು ಭಾವಿಸಿದರು. ಅನ್ಯಾಯಕ್ಕೊಳಗಾದವನ ಆತ್ಮಗೌರವವೆಂದು ಕಂಡವರೂ ಇದ್ದರು.

ಅಮೆರಿಕೆಯ ಒಂದು ನಿದರ್ಶನ

ಪರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕೆಯ ಅಧ್ಯಕ್ಷ ರಿಚರ್ಡ್ ನಿಕ್ಸನ್ ವಾಟರ್‌ಗೇಟ್ ಹಗರಣದಲ್ಲಿ 1974ರ ಆಗಸ್ಟ್ 9ರಂದು ಅಧಿಕಾರ ಬಿಟ್ಟರು. ತಮ್ಮ ಕೊಠಡಿಯಲ್ಲಿ ತಾವೇ ಮಾಡಿಸಿದ ಧ್ವನಿಮುದ್ರಣವೇ ಅವರಿಗೆ ಪ್ರತಿಸಾಕ್ಷಿಯಾಯಿತು. ಒಂದು ತಿಂಗಳಲ್ಲಿ ಉತ್ತರಾಧಿಕಾರಿ ಫೋರ್ಡ್ ಅವರಿಗೆ ಕ್ಷಮಾದಾನವಿತ್ತರು. 1994ರಲ್ಲಿ ನಿಕ್ಸನ್ ತೀರಿಕೊಂಡಾಗ, ಅವರನ್ನು ಇಡೀ ಬಾಳಿನಿಂದ ಅಳೆಯಬೇಕೆಂಬ ಮಾತು ಅಂತ್ಯಕ್ರಿಯೆಯಲ್ಲಿ ಅಧ್ಯಕ್ಷ ಕ್ಲಿಂಟನ್ನರಿಂದಲೇ ಬಂದಿತು. ಚೀನಾದೊಡನೆ ಸಂಧಾನ, ಪರಿಸರ ರಕ್ಷಣೆಯ ಸಂಸ್ಥೆಯ ಸ್ಥಾಪನೆ ಮುಂತಾದ ಕಾರ್ಯಗಳನ್ನು ಜನ ನೆನೆದರು. ಆದರೆ ಆಮೇಲೆ ಬಿಡುಗಡೆಯಾದ ಧ್ವನಿಮುದ್ರಣಗಳಲ್ಲಿ 1971ರ ಯುದ್ಧದ ಸಂದರ್ಭದಲ್ಲಿ ಭಾರತೀಯರನ್ನು ಕುರಿತು ಅವರಾಡಿದ ಹೀನ ನುಡಿಗಳೂ ಹೊರಬಂದವು. ಸತ್ತವರ ಮೌಲ್ಯಮಾಪನವು ಸ್ತುತಿಯ ಕಡೆಗೇ ಹರಿಯಬೇಕೆಂಬ ನಿಯಮವಿಲ್ಲ; ಸಾಕ್ಷ್ಯ ಬಂದ ಕಡೆಗೆ ಹರಿಯಬೇಕು.

ಇಬ್ಬರ ನಡುವೆ ಅಂತರವೂ ಇದೆ. ನಿಕ್ಸನ್ನರು ತನಿಖೆಗೆ ಅಡ್ಡಿಮಾಡಿ, ಮಹಾಭಿಯೋಗ ಅನಿವಾರ್ಯವಾದಾಗ ಇಳಿದರು. ಹೆಗಡೆಯವರಿಗೆ ಶಾಸನಸಭೆಯ ಬಹುಮತ ತಪ್ಪಿರಲಿಲ್ಲ. ಆದರೂ ಹೊಣೆ ಹೊತ್ತು ಇಳಿದರು. ದೋಷವೇ ಇಲ್ಲವೆಂದು ಸಾಧಿಸುತ್ತ ಕುರ್ಚಿಗೆ ಅಂಟಿಕೊಳ್ಳುವ ಪರಂಪರೆ ಬೆಳೆದ ನಾಡಿನಲ್ಲಿ ಈ ನಡತೆಗೆ ಬೆಲೆ ಕೊಡದಿರುವುದು ಅನ್ಯಾಯ.

ತ್ಯಾಗವೋ ಪ್ರಾಯಶ್ಚಿತ್ತವೋ

ಆದರೂ ಪದತ್ಯಾಗವೆಲ್ಲ ಪ್ರಾಯಶ್ಚಿತ್ತವಲ್ಲ. ಜೈನಾಗಮವು ಪ್ರಾಯಶ್ಚಿತ್ತದ ಭೇದಗಳಲ್ಲಿ ಆಲೋಚನೆಯನ್ನು ಮೊದಲಿಗೂ ಪ್ರತಿಕ್ರಮಣವನ್ನು ಅದರ ಬಳಿಗೂ ಇರಿಸಿದೆ. ಗುರುವಿನ ಮುಂದೆ ತನ್ನ ದೋಷವನ್ನು ಮರೆಮಾಚದೆ ಹೇಳಿಕೊಳ್ಳುವುದು ಆಲೋಚನೆ. ಅದು ಮಿಥ್ಯೆಯಾಗಲೆಂದು ಹಿಂದಿರುಗುವುದು ಪ್ರತಿಕ್ರಮಣ. ಪ್ರಜಾಪ್ರಭುತ್ವದಲ್ಲಿ ಗುರುಸ್ಥಾನದಲ್ಲಿರುವವರು ಜನರು. ಅವರ ಮುಂದೆ ‘ಹೊಣೆ ನನ್ನದು’ ಎಂದರೆ ಸಾಲದು. ‘ನಡೆದದ್ದು ಇಂತಹುದು, ತಪ್ಪು ಇಂತಹುದು’ ಎಂಬ ವಿವರವೂ ಬೇಕು. ಹೆಗಡೆಯವರ ರಾಜೀನಾಮೆಗಳಲ್ಲಿ ತ್ಯಾಗದ ಅಂಶ ನಿಚ್ಚಳವಾಗಿ ಕಂಡಿತು. ಆಲೋಚನೆಯ ಅಂಶ ಮಸುಕಾಗಿಯೇ ಉಳಿಯಿತು. ಮೂರು ದಿನಗಳಲ್ಲಿ ಹಿಂತೆಗೆದ ರಾಜೀನಾಮೆಯಂತೂ ವ್ರತವನ್ನು ತೊಟ್ಟು ಪಾರಣೆಯ ಅವಸರದಲ್ಲಿದ್ದವನ ಉಪವಾಸದಂತೆ ತೋರಿತು.

ಪಂಚಾಯಿತಿಯ ಪುಣ್ಯದಿಂದ ಕದ್ದಾಲಿಕೆಯ ಪಾಪ ವಜಾ ಆಯಿತೆನ್ನುವವರ ವಾದವೂ ನಿಲ್ಲದು. ಕರ್ಮಸಿದ್ಧಾಂತವು ವ್ಯಾಪಾರಿಯ ಜಮಾಖರ್ಚಲ್ಲ. ಶುಭಕ್ಕೆ ಅದರ ಫಲ, ಅಶುಭಕ್ಕೆ ಅದರ ಫಲ. ಇಲಕಲ್ಲಿನ ನೇಕಾರನು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾನೆ. ಕೂಡಿಸಿದ ಮೇಲೂ ಒಡಲು ಒಡಲೇ, ಸೆರಗು ಸೆರಗೇ. ಕೊಳ್ಳುವವನು ಕೆಂಪು ಸೆರಗನ್ನಷ್ಟೇ ನೋಡಿ ಒಡಲಿನ ದೋಷವನ್ನು ಗಮನಿಸದಿದ್ದರೆ ಮೋಸಹೋಗುವನು. ಒಡಲಲ್ಲೊಂದು ಎಳೆ ತಪ್ಪಿತೆಂದು ಸೀರೆಯನ್ನೇ ಹರಿದರೆ ಮೂರ್ಖನಾಗುವನು.

ಶ್ರಾವಕ ಸಮಾಜಕ್ಕೆ

ಉಪಗೂಹನವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾಗಿರುವಾಗ ಗತಿಸಿದವರ ದೋಷವನ್ನು ಎತ್ತುವುದು ಸರಿಯೇ ಎಂಬ ಆಕ್ಷೇಪ ಬರಬಹುದು. ಸಮಂತಭದ್ರಾಚಾರ್ಯರು ಉಪಗೂಹನವನ್ನು ಹೇಳಿದ್ದು ಅಶಕ್ತರ ದೆಸೆಯಿಂದ ಶುದ್ಧವಾದ ಮಾರ್ಗಕ್ಕೆ ಬರುವ ಅಪವಾದವನ್ನು ನೀಗುವುದಕ್ಕಾಗಿ. ಸಾರ್ವಜನಿಕ ಅಧಿಕಾರದ ದುರುಪಯೋಗವನ್ನು ಮುಚ್ಚಲು ಅದು ಪರವಾನಗಿಯಲ್ಲ. ಪರನಿಂದೆಯ ಸುಖಕ್ಕಾಗಿ ದೋಷವನ್ನು ಎತ್ತುವುದು ಎಷ್ಟು ತಪ್ಪೋ, ಕೃತಜ್ಞತೆಯ ಹೆಸರಿನಲ್ಲಿ ಅದನ್ನು ಅಳಿಸುವುದೂ ಅಷ್ಟೇ ತಪ್ಪು.

ಈ ವಿಚಾರವು ರಾಜಧಾನಿಯ ಮಾತಾಗಿಯೇ ಉಳಿಯಬೇಕಾಗಿಲ್ಲ. ಬಸದಿಯ ಆಡಳಿತ ಮಂಡಳಿಯಲ್ಲಿ ಆಕ್ಷೇಪ ಬಂದೊಡನೆ ರಾಜೀನಾಮೆಯ ಕಾಗದ ಬೀಸಿ, ನಾಲ್ವರು ಮನೆಗೆ ಬಂದು ಬೇಡಿಕೊಂಡಾಗ ಅದನ್ನು ಹಿಂತೆಗೆದುಕೊಳ್ಳುವವರು ಇಲ್ಲವೇ? ಸಭೆಯ ಗುಟ್ಟನ್ನು ಅಂಗಡಿಯ ಕಟ್ಟೆಗೆ ಒಯ್ಯುವವರಿಲ್ಲವೇ? ಪಂಚಕಲ್ಯಾಣದ ವೇದಿಕೆಯಲ್ಲಿ ಬಂದ ನಾಯಕರಿಗೆಲ್ಲ ಹಾಡಿಹೊಗಳುವ ಅಭಿನಂದನಪತ್ರವನ್ನು ಓದುವ ರೂಢಿ ಇಲ್ಲವೇ? ರಾಜೀನಾಮೆಗೆ ಮೊದಲು ಲೆಕ್ಕಪತ್ರವನ್ನು ಸಭೆಯ ಮುಂದಿಡುವ, ಸನ್ಮಾನಕ್ಕೆ ಮೊದಲು ನಡತೆಯನ್ನು ವಿಚಾರಿಸುವ ಕ್ರಮವನ್ನು ಒಂದೊಂದು ಟ್ರಸ್ಟೂ ಪಾಲಿಸಿದರೆ, ನಾಡಿನ ನಾಯಕರನ್ನು ತೂಗುವ ಅರ್ಹತೆ ಸಮಾಜಕ್ಕೆ ತಾನಾಗಿ ಬರುತ್ತದೆ.

2026ರ ಆಗಸ್ಟ್ 29ಕ್ಕೆ ಹೆಗಡೆಯವರು ಜನಿಸಿ ನೂರು ವರ್ಷ. ಆ ಸಂದರ್ಭದಲ್ಲಿ ಬರೆಯುವವರ ಮುಂದೆ ಮಂಡಲ ಪಂಚಾಯಿತಿಯ ಕಟ್ಟೆ ಏರಿದ ಹೆಣ್ಣುಮಗಳೂ ಇರಲಿ, ಕದ್ದು ಕೇಳಿಸಿಕೊಂಡ ದೂರವಾಣಿಯೂ ಇರಲಿ. ಮೇಗುತಿಯ ಬೆಟ್ಟವನ್ನು ಹತ್ತಿ ರವಿಕೀರ್ತಿಯ ಅಕ್ಷರಗಳಿಗೆ ಕೈಮುಗಿದು ಬರುವ ಯಾತ್ರಿಕನು ಬಾದಾಮಿಗೂ ಹೋಗಿ ಆ ಬಂಡೆಯ ಮುಂದೆ ಒಂದು ಗಳಿಗೆ ನಿಂತರೆ, ಪುಲಿಕೇಶಿಯ ಮೇಲಿನ ಅವನ ಗೌರವ ಕಡಿಮೆಯಾಗುವುದಿಲ್ಲ. ಅದು ನಿಜವಾದ ಅರಸನ ಮೇಲಿನ ಗೌರವವಾಗುತ್ತದೆ.