ಮಂಗಟ್ಟೆ ನೋಡುವವರ ಮಾತು ಎಲ್ಲಿ ಉಳಿಯಬೇಕು?

ಮಂಗಟ್ಟೆ ಒಂದೇ ಪೊಟರೆಗೆ ವರ್ಷ ವರ್ಷವೂ ಮರಳುವ ಹಕ್ಕಿ. ಬೇಸಿಗೆ ಹತ್ತಿರ ಬಂದಂತೆ ಹೆಣ್ಣು ಹಳೆಯ ಮರದ ಪೊಟರೆ ಹೊಕ್ಕು, ಅದರ ಬಾಯಿಯನ್ನು ಮೆತ್ತಿ ಮುಚ್ಚಿಕೊಂಡು ಮೊಟ್ಟೆಯಿಟ್ಟು ಕೂರುತ್ತದೆ. ಉಳಿಸಿಕೊಂಡ ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಉಣಿಸುತ್ತದೆ. ದಾಂಡೇಲಿ, ಕುಳಗಿ, ಗಣೇಶಗುಡಿ ಸುತ್ತಿನ ಕಾಡಿನಲ್ಲಿ ಮಂಗಟ್ಟೆಯ ನಾಲ್ಕು ಪ್ರಭೇದಗಳಿವೆ. 2011ರಲ್ಲಿ ಕಾಳಿ ನದಿಯ ಆಸುಪಾಸಿನ ಕಾಡನ್ನು ಮಂಗಟ್ಟೆ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2018ರಲ್ಲಿ ದಾಂಡೇಲಿಯಲ್ಲಿ ಈ ಹಕ್ಕಿಯದೇ ಹೆಸರಿನ ಹಾರ್ನ್‌ಬಿಲ್ ಹಬ್ಬವೂ ಶುರುವಾಯಿತು. ಆದರೆ ಈ ಹಕ್ಕಿಯನ್ನು ನಿಜವಾಗಿ ಹಿಂಬಾಲಿಸುವವರಿಗೆ ಇವತ್ತಿನ ಫೋಟೊಗಿಂತ ಹಿಂದಿನ ಟಿಪ್ಪಣಿಯೇ ಹೆಚ್ಚು ಬೇಕಾದದ್ದು. ಯಾವ ಮರ, ಹೆಣ್ಣು ಒಳಹೊಕ್ಕದ್ದು ಯಾವ ವಾರ, ಮರಿ ಹೊರಬಂತೇ, ಆ ಮರ ಈಗಲೂ ನಿಂತಿದೆಯೇ, ಹೋದ ಮಳೆಗಾಲದ ಗಾಳಿಗೆ ಉರುಳಿತೇ? ಎಂಟು ಹತ್ತು ವರ್ಷಗಳ ಇಂಥ ವಿವರ ಒಂದೆಡೆ ಸಿಕ್ಕಾಗ ಮಾತ್ರ ಒಂದು ಕಾಡಿನ ಮಂಗಟ್ಟೆಗಳ ಬಗ್ಗೆ ಧೈರ್ಯವಾಗಿ ಏನಾದರೂ ಹೇಳಬಹುದು. ಹಾಗಾಗಿ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ಮೂವತ್ತು ನಲವತ್ತು ಪಕ್ಷಿವೀಕ್ಷಕರು ತಮ್ಮೊಳಗೆ ಮಾತಾಡಿಕೊಳ್ಳಲು ಒಂದು ಖಾಸಗಿ ಆನ್‌ಲೈನ್ ವೇದಿಕೆ ಮಾಡಿಕೊಳ್ಳುವುದಾದರೆ ಯಾವ ತಂತ್ರಾಂಶ ಆರಿಸಬೇಕು ಎಂಬ ಪ್ರಶ್ನೆಯನ್ನು ನಾನು ಒಂದೇ ಅಳತೆಯಿಂದ ಅಳೆಯುತ್ತೇನೆ. ಬಿಟ್ಟು ಹೊರಡುವ ದಿನ ಬಂದರೆ, ಅಲ್ಲಿ ಆಡಿದ ಮಾತನ್ನೆಲ್ಲ ಗಂಟು ಕಟ್ಟಿಕೊಂಡು ಹೊರಡಲು ಬರುತ್ತದೆಯೇ? ಉಳಿದ ಸೊಗಸೆಲ್ಲ ಆಮೇಲಿನದು.

ಇಂಥ ಗುಂಪುಗಳೆಲ್ಲ ಈಗ ಇರುವುದು ವಾಟ್ಸ್‌ಆ್ಯಪ್‌ನಲ್ಲಿ, ಅದಕ್ಕೆ ಕಾರಣವೂ ಇದೆ. ಎಲ್ಲರ ಫೋನಿನಲ್ಲೂ ಅದಿದೆ, ಯಾರಿಗೂ ಕಲಿಸಬೇಕಾಗಿಲ್ಲ, ಗಣೇಶಗುಡಿಯ ಅತ್ತಿಮರ ಹಣ್ಣಾಗಿದೆ ಎಂಬ ಸುದ್ದಿ ಹಳಿಯಾಳಕ್ಕೆ ಕ್ಷಣದಲ್ಲಿ ತಲುಪುತ್ತದೆ. ಇವತ್ತಿನ ಸುದ್ದಿಗೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ತೊಡಕು ಹೋದ ವರ್ಷದ ಸುದ್ದಿಯದು. ಶುಭೋದಯದ ಹೂವು, ಯಾರದೋ ಹುಟ್ಟುಹಬ್ಬ, ಫಾರ್ವರ್ಡ್ ವಿಡಿಯೊಗಳ ನಡುವೆ ಪೊಟರೆಯ ಟಿಪ್ಪಣಿ ಒಂದೇ ವಾರದಲ್ಲಿ ಹೂತುಹೋಗುತ್ತದೆ. ಈ ವರ್ಷ ಸೇರಿದವರಿಗೆ ಹಿಂದಿನ ವರ್ಷಗಳ ಮಾತು ಕಾಣುವುದೇ ಇಲ್ಲ. ಸಂಭಾಷಣೆಯನ್ನು ಹೊರತೆಗೆಯುವ ಸೌಲಭ್ಯ ಇದೆ ನಿಜ, ಆದರೆ ಅದಕ್ಕೂ ಮಿತಿಯಿದೆ: ಚಿತ್ರಗಳಿಲ್ಲದೆ 40,000 ಸಂದೇಶ, ಚಿತ್ರಗಳೊಂದಿಗೆ 10,000. ಸಿಗುವುದು ವಿಷಯ ವಿಂಗಡಣೆಯಿಲ್ಲದ, ಯಾರು ಯಾವ ಮಾತಿಗೆ ಉತ್ತರ ಕೊಟ್ಟರೆಂಬ ಸುಳಿವೂ ಇಲ್ಲದ ಉದ್ದನೆಯ ಪಠ್ಯ ಕಡತ.

ಬಿಟ್ಟು ಹೊರಡುವ ದಿನ ಬಂದೇ ಬರುತ್ತದೆ ಎಂದು ನಾನು ಹೇಳುವುದು ಊಹೆಯ ಮೇಲಲ್ಲ. ಬೆಂಗಳೂರಿನ ಪಕ್ಷಿವೀಕ್ಷಕರ ಬಿಎನ್‌ಜಿಬರ್ಡ್ಸ್ ಸೇರಿದಂತೆ ದೇಶದ ಎಷ್ಟೋ ಹಕ್ಕಿ ಗುಂಪುಗಳು ಬೆಳೆದದ್ದು ಯಾಹೂ ಗ್ರೂಪ್ಸ್‌ನಲ್ಲಿ. 2019ರ ಅಕ್ಟೋಬರ್‌ನಲ್ಲಿ ಯಾಹೂ ಒಂದು ಪ್ರಕಟಣೆ ಕೊಟ್ಟಿತು. ಡಿಸೆಂಬರ್‌ನಿಂದ ಹಳೆಯ ಸಂದೇಶ, ಚಿತ್ರ, ಕಡತಗಳನ್ನು ಅಳಿಸುವುದಾಗಿ ಅದರಲ್ಲಿತ್ತು. 2020ರ ಡಿಸೆಂಬರ್ 15ಕ್ಕೆ ಇಡೀ ಸೇವೆಯೇ ನಿಂತುಹೋಯಿತು. ಎರಡು ದಶಕಗಳ ಮಾತನ್ನು ಇಳಿಸಿಕೊಳ್ಳಲು ಸಿಕ್ಕ ಕಾಲ ಕೆಲವೇ ವಾರ. ಇನ್ನೊಂದು ಉದಾಹರಣೆ ಮುಂಡಗೋಡದಲ್ಲೇ ಇದೆ. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟಿಯನ್ನರು ಟಿಬೆಟ್‌ನ ಒಳಗಿರುವ ಬಂಧುಗಳೊಂದಿಗೆ ಮಾತಾಡಲು ಚೀನಾದ ವೀಚ್ಯಾಟ್ ಆ್ಯಪ್ ನೆಚ್ಚಿಕೊಂಡಿದ್ದರು. ಏಕೆಂದರೆ ವಾಟ್ಸ್‌ಆ್ಯಪ್, ಫೇಸ್‌ಬುಕ್ ಚೀನಾದಲ್ಲಿ ನಡೆಯುವುದಿಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ವೀಚ್ಯಾಟ್ ಕೂಡ ಇತ್ತು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಒಂದು ಸಮುದಾಯದ ಮಾತುಕತೆ ಅದರ ಕೈಯಲ್ಲಿಲ್ಲದ ಕಾರಣಕ್ಕೆ ರಾತ್ರೋರಾತ್ರಿ ಕಡಿದುಬೀಳಬಹುದು ಎಂಬುದಂತೂ ಖಚಿತವಾಯಿತು. ಕಂಪನಿ ಮುಚ್ಚಲೇಬೇಕೆಂದೂ ಇಲ್ಲ. ಸ್ಲ್ಯಾಕ್ ಎಂಬ ಸಂದೇಶ ಸೇವೆ ಚೆನ್ನಾಗಿಯೇ ನಡೆಯುತ್ತಿದೆ. ಆದರೂ 2022ರಿಂದ ಅದನ್ನು ಉಚಿತವಾಗಿ ಬಳಸುವವರಿಗೆ ಕಾಣುವುದು ಕಳೆದ 90 ದಿನಗಳ ಸಂದೇಶ ಮಾತ್ರ. ಇದೆಲ್ಲದರ ಪಕ್ಕದಲ್ಲಿ ಪಕ್ಷಿವೀಕ್ಷಕ ಜಫರ್ ಫತೇಹಲ್ಲಿ 1960ರ ಹೊತ್ತಿಗೆ ಶುರುಮಾಡಿದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಪತ್ರಿಕೆಯನ್ನಿಟ್ಟು ನೋಡಿ. ಸೈಕ್ಲೊಸ್ಟೈಲ್ ಹಾಳೆಗಳಾಗಿ ಹೊರಟ ಅದರ ಹಳೆಯ ಸಂಚಿಕೆಗಳನ್ನು ಇವತ್ತೂ ಓದಬಹುದು. ಪ್ರತಿಗಳು ಓದುಗರ ಮನೆಗಳಲ್ಲಿ ಇದ್ದವು ಎಂಬುದೇ ಅದಕ್ಕೆ ಕಾರಣ.

ಈ ಅಳತೆಗೆ ಹಿಡಿದರೆ ಆಯ್ಕೆಗಳು ಬೇಗ ಕಡಿಮೆಯಾಗುತ್ತವೆ. ಫೇಸ್‌ಬುಕ್ ಗುಂಪು, ಡಿಸ್ಕಾರ್ಡ್, ಸ್ಲ್ಯಾಕ್ ಮೊದಲೇ ಬಿದ್ದುಹೋಗುತ್ತವೆ. ಉಳಿಯುವವುಗಳಲ್ಲಿ ಎರಡರ ಬಗ್ಗೆ ವಿವರವಾಗಿ ಹೇಳಬೇಕು. 2000ದಲ್ಲಿ ಹುಟ್ಟಿದ ಪಿಎಚ್‌ಪಿಬಿಬಿ ಸಾಮಾನ್ಯ ವೆಬ್ ಹೋಸ್ಟಿಂಗ್‌ನಲ್ಲೇ ಓಡುತ್ತದೆ, ಪುಟಗಳು ಹಗುರ, ಅಗ್ಗದ ಫೋನಿನಲ್ಲೂ ತೆರೆಯುತ್ತವೆ. ಜೆಫ್ ಆ್ಯಟ್‌ವುಡ್ ಮತ್ತು ಸಂಗಡಿಗರು 2013ರಲ್ಲಿ ಹೊರತಂದ ಡಿಸ್ಕೋರ್ಸ್ ಅದಕ್ಕಿಂತ ಭಾರ. ಕನಿಷ್ಠ 1 ಜಿಬಿ ಮೆಮೊರಿಯ ಸ್ವಂತ ಸರ್ವರ್ ಬೇಡುತ್ತದೆ, ಮೊದಲ ಬಾರಿ ತೆರೆಯುವಾಗ ಪುಟವೂ ನಿಧಾನ. ಎರಡೂ ಮುಕ್ತ ತಂತ್ರಾಂಶಗಳು, ಎರಡರಲ್ಲೂ ಇಡೀ ದತ್ತಾಂಶವನ್ನು ಅಡ್ಮಿನ್ ಇಳಿಸಿಕೊಳ್ಳಬಹುದು. ಡಿಸ್ಕೋರ್ಸ್‌ನಲ್ಲಿ ಒಂದು ಗುಂಡಿ ಒತ್ತಿದರೆ ಬರಹವೆಲ್ಲ, ಜೊತೆಗೆ ಬೇಕೆಂದರೆ ಚಿತ್ರಗಳೂ, ಒಂದೇ ಕಡತವಾಗಿ ಕೈಗೆ ಬರುತ್ತವೆ. ಅದನ್ನು ಬೇರೆ ಸರ್ವರಿನಲ್ಲಿ ಇಳಿಸಿದರೆ ವೇದಿಕೆ ಇದ್ದ ಹಾಗೇ ಎದ್ದು ನಿಲ್ಲುತ್ತದೆ. ಕಾಸು ಕೊಟ್ಟು ಕೊಳ್ಳುವ ಜೆನ್‌ಫೊರೊ, 2021ರಲ್ಲಿ 1.0 ತಲುಪಿದ ಫ್ಲಾರಮ್ ಕೆಟ್ಟವೇನಲ್ಲ. ಈ ಗುಂಪಿಗೆ ಅವುಗಳಿಂದ ಹೆಚ್ಚಿನದೇನೂ ಸಿಗುವುದಿಲ್ಲ ಎಂಬುದಷ್ಟೇ ನನ್ನ ಅಭಿಪ್ರಾಯ.

ಹಗುರವಾದ ಪುಟ ಎಂದೊಡನೆ ಜೊಯಿಡಾಕ್ಕೆ ಪಿಎಚ್‌ಪಿಬಿಬಿಯೇ ಸರಿ ಎನ್ನಿಸಬಹುದು. ನಾನು ಒಪ್ಪುವುದಿಲ್ಲ. ಅಲ್ಲಿನ ಎಷ್ಟೋ ಹಳ್ಳಿಗಳ ಕಷ್ಟ ನಿಧಾನ ನೆಟ್ ಅಲ್ಲ, ನೆಟ್ಟೇ ಇಲ್ಲದಿರುವುದು. ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೋ ರಸ್ತೆಯ ತಿರುವಿಗೋ ಬಂದಾಗ ಹತ್ತು ನಿಮಿಷ ಸಂಪರ್ಕ, ಆಮೇಲೆ ಮತ್ತೆ ಕಾಡು. ಹತ್ತು ನಿಮಿಷದಲ್ಲಿ ಲಾಗಿನ್ ಆಗಿ, ವಿಷಯ ಹುಡುಕಿ, ಓದಿ, ಉತ್ತರ ಟೈಪ್ ಮಾಡುವುದು ಎಷ್ಟೇ ಹಗುರ ಪುಟದಲ್ಲೂ ಆಗದ ಕೆಲಸ. ಆಗುವುದು ಇ-ಮೇಲ್‌ನಲ್ಲಿ. ಸಿಗ್ನಲ್ ಸಿಕ್ಕಾಗ ಮೇಲ್‌ಗಳು ತಾವಾಗಿ ಇಳಿಯುತ್ತವೆ. ಮನೆಗೆ ಹೋಗಿ ನಿಧಾನವಾಗಿ ಓದಿ ಉತ್ತರ ಬರೆದಿಟ್ಟರೆ ಮರುದಿನ ಅದೇ ತಿರುವಿನಲ್ಲಿ ಅದು ಹೊರಟುಹೋಗುತ್ತದೆ. ಡಿಸ್ಕೋರ್ಸ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಪ್ರತಿ ಬರಹವನ್ನೂ ಸದಸ್ಯರಿಗೆ ಮೇಲ್ ಮಾಡುವಂತೆ, ಅವರು ಮೇಲ್‌ನಲ್ಲೇ ಕೊಟ್ಟ ಉತ್ತರ ವೇದಿಕೆಯ ಸರಿಯಾದ ಜಾಗಕ್ಕೆ ಹೋಗಿ ಕೂರುವಂತೆ, ಹೊಸ ವಿಷಯವನ್ನೂ ಮೇಲ್‌ನಿಂದಲೇ ಆರಂಭಿಸುವಂತೆ ಮಾಡಬಹುದು. ಪಿಎಚ್‌ಪಿಬಿಬಿ ‘ಹೊಸ ಉತ್ತರ ಬಂದಿದೆ’ ಎಂದು ತಿಳಿಸಿ ಸುಮ್ಮನಾಗುತ್ತದೆ. ಜೊಯಿಡಾದ ಸದಸ್ಯರು ಹಳಿಯಾಳದವರಷ್ಟೇ ಸಲೀಸಾಗಿ ಮಾತಾಡಬೇಕೆಂದರೆ ಈ ಒಂದು ವ್ಯತ್ಯಾಸವೇ ಸಾಕು. ಕಾಡಿಗೆ ಹತ್ತಿರ ಇರುವವರೇ ಹೆಚ್ಚು ನೋಡುತ್ತಾರೆ. ಅವರನ್ನು ಹೊರಗಿಡುವ ತಂತ್ರಾಂಶ ಎಷ್ಟು ಚೆನ್ನಾಗಿದ್ದರೂ ಈ ಕೆಲಸಕ್ಕೆ ಬಾರದು. ಹಳ್ಳಿಯವರಿಗೆ ಇ-ಮೇಲ್ ಎಲ್ಲಿದೆ ಎಂದು ಕೇಳುವವರಿದ್ದಾರೆ. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ಬಳಸಲು ಗೂಗಲ್ ಖಾತೆ ಬೇಕೇ ಬೇಕು, ಹಾಗಾಗಿ ವಿಳಾಸ ಆಗಲೇ ಇದೆ. ಅದನ್ನು ತೆರೆದು ತೋರಿಸಲು ಒಂದು ಸಂಜೆ ಸಾಕು.

ಹುಡುಕಾಟದ ವಿಷಯದಲ್ಲಿ ಮಾತ್ರ ಯಾವ ತಂತ್ರಾಂಶವೂ ಕನ್ನಡಕ್ಕೆ ನ್ಯಾಯ ಮಾಡಿಲ್ಲ, ಇದನ್ನು ಮೊದಲೇ ತಿಳಿದಿರಬೇಕು. ಕನ್ನಡದ ಪದ ವಿಭಕ್ತಿ ಹತ್ತಿದೊಡನೆ ರೂಪ ಬದಲಿಸುತ್ತದೆ. ‘ಗೂಡು’ ಎಂದು ಹುಡುಕಿದರೆ ‘ಗೂಡಿನಲ್ಲಿ’, ‘ಗೂಡಿಗೆ’, ‘ಗೂಡನ್ನು’ ಎಂದು ಬರೆದ ಟಿಪ್ಪಣಿಗಳು ತಪ್ಪಿಹೋಗುತ್ತವೆ. ಇಂಗ್ಲಿಷಿನಲ್ಲಾದರೆ ಪದದ ಬಾಲ ಕತ್ತರಿಸಿ ಮೂಲರೂಪ ಹಿಡಿಯುವ ಸೌಕರ್ಯವಿದೆ. ಡಿಸ್ಕೋರ್ಸ್ ನೆಚ್ಚಿಕೊಂಡಿರುವ ಪೋಸ್ಟ್‌ಗ್ರೆಸ್ ದತ್ತಾಂಶ ವ್ಯವಸ್ಥೆಯಲ್ಲಿ ಹಿಂದಿಗೂ ತಮಿಳಿಗೂ ಅದಿದೆ, ಕನ್ನಡಕ್ಕಿಲ್ಲ. ಇದರ ಮೇಲೆ, ಕೆಲವು ಕೀಬೋರ್ಡ್‌ಗಳು ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆ ತುರುಕುವುದರಿಂದ ನೋಡಲು ಒಂದೇ ಥರದ ಎರಡು ಪದ ಯಂತ್ರಕ್ಕೆ ಬೇರೆ ಬೇರೆ. ಜೊತೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ, ಮತ್ತೊಬ್ಬರು ಕೊಂಕಣಿಯಲ್ಲಿ ಬರೆದಾರು. ಮುಂಡಗೋಡದಿಂದ ಟಿಬೆಟನ್ ಲಿಪಿಯೂ ಬರಬಹುದು. ಕನ್ನಡ 1991ರಲ್ಲೇ, ಟಿಬೆಟನ್ 1996ರಲ್ಲಿ ಯುನಿಕೋಡ್ ಸೇರಿರುವುದರಿಂದ ಬರೆಯಲು, ಓದಲು ಅಡ್ಡಿಯಿಲ್ಲ. ಹುಡುಕಲು ಮಾತ್ರ ಅಡ್ಡಿ. ಇದಕ್ಕೆ ಪರಿಹಾರ ಶಿಸ್ತಿನಲ್ಲಿದೆ. ಪ್ರತಿ ವಿಷಯದ ತಲೆಬರಹದಲ್ಲಿ ಹಕ್ಕಿ, ಊರು, ವರ್ಷ ಇರಲೇಬೇಕು. ‘ದೊಡ್ಡ ಮಂಗಟ್ಟೆ’, ‘ಅತ್ತಿವೇರಿ’, ‘ಕುಳಗಿ’ ಎಂಬಂಥ ಟ್ಯಾಗ್‌ಗಳನ್ನು ಅಡ್ಮಿನ್ ಮೊದಲೇ ಮಾಡಿಟ್ಟು, ಸದಸ್ಯರು ಅವುಗಳಲ್ಲೇ ಆರಿಸುವಂತಿರಬೇಕು. ಡಿಸ್ಕೋರ್ಸ್‌ನಲ್ಲಿ ಟ್ಯಾಗ್ ತಾನಾಗಿಯೇ ಇದೆ ಎಂಬುದು ಅದರ ಪರವಾಗಿ ಇನ್ನೊಂದು ಮಾತು.

ಇನ್ನು ಗುಟ್ಟಿನ ಮಾತು. ಗುಂಪು ಖಾಸಗಿಯಾಗಿರಬೇಕಾದ್ದು ದೊಡ್ಡಸ್ತಿಕೆಗಲ್ಲ. ಪೊಟರೆಯ ಜಾಗ ಹೊರಬಿದ್ದರೆ ಮರುವಾರವೇ ಆ ಮರದ ಬುಡದಲ್ಲಿ ಕ್ಯಾಮೆರಾಗಳ ಸಾಲು ನಿಲ್ಲುತ್ತದೆ. ಜನ ನಿಂತಲ್ಲಿ ಗಂಡು ಉಣಿಸಲು ಬರಲು ಹಿಂಜರಿಯುತ್ತದೆ, ಒಳಗೆ ಹೆಣ್ಣೂ ಮರಿಯೂ ಹಸಿದಿರುತ್ತವೆ. ಎಲ್ಲವನ್ನೂ ಇ-ಬರ್ಡ್‌ನಂಥ ಸಾರ್ವಜನಿಕ ತಾಣದಲ್ಲೇ ದಾಖಲಿಸಬಹುದಲ್ಲ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಎಣಿಕೆ ಅಲ್ಲಿಗೆ ಹೋಗಲಿ, ಖಂಡಿತ ಹೋಗಬೇಕು. ಮರದ ಗುರುತು ಇಲ್ಲಿರಲಿ. ಆದರೆ ಲಾಗಿನ್ ಕಡ್ಡಾಯ ಮಾಡಿ, ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ ಎಂದು ಬೀಗ ಹಾಕಿದರೆ ಮುಗಿಯಲಿಲ್ಲ. ಲೊಕೇಶನ್ ಆನ್ ಇಟ್ಟು ಫೋನಿನಲ್ಲಿ ತೆಗೆದ ಚಿತ್ರದೊಳಗೆ ಆ ಜಾಗದ ಅಕ್ಷಾಂಶ ರೇಖಾಂಶ ಅಡಗಿರುತ್ತದೆ. ವಾಟ್ಸ್‌ಆ್ಯಪ್ ಮಾಮೂಲಿ ಫೋಟೊ ಕಳಿಸುವಾಗ ಅದನ್ನು ಅಳಿಸುತ್ತದೆ. ಮೇಲ್‌ಗೆ ಲಗತ್ತಿಸಿದ ಚಿತ್ರದಲ್ಲಿ ಅದು ಉಳಿದೀತು. ಡಿಸ್ಕೋರ್ಸ್‌ನಲ್ಲಿ ಇದನ್ನು ಅಳಿಸುವ ಆಯ್ಕೆ ಇದೆ, ಆನ್ ಆಗಿದೆಯೇ ನೋಡಬೇಕು. ಪಿಎಚ್‌ಪಿಬಿಬಿ ಇಲ್ಲಿ ಒಂದು ಹೆಜ್ಜೆ ಮುಂದಿದೆ ಎಂಬುದನ್ನೂ ಹೇಳಬೇಕು: ಅದು ಪ್ರತಿ ಚಿತ್ರ ಕೊಡುವ ಮುನ್ನ ಕೇಳಿದವರಿಗೆ ಅನುಮತಿ ಇದೆಯೇ ಎಂದು ನೋಡುತ್ತದೆ, ಡಿಸ್ಕೋರ್ಸ್‌ನ ಸಾಮಾನ್ಯ ಜೋಡಣೆಯಲ್ಲಿ ಚಿತ್ರದ ನೇರ ಕೊಂಡಿ ಸಿಕ್ಕ ಹೊರಗಿನವರೂ ಅದನ್ನು ತೆರೆಯಬಹುದು. ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಯೇ ಕಾಡಿಗೆ ಹೋಗುವುದು, ಮರದ ಸುತ್ತಲ ಗುರುತು ಕಾಣದಂತೆ ಚಿತ್ರ ತೆಗೆಯುವುದು ಯಾವ ತಂತ್ರಾಂಶ ಆರಿಸಿದರೂ ಬೇಕಾದ ನಿಯಮ.

ಇಷ್ಟೆಲ್ಲ ಮಾಡಿದ ಮೇಲೂ ಜನ ವಾಟ್ಸ್‌ಆ್ಯಪ್ ಬಿಟ್ಟು ಬರುವುದಿಲ್ಲ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಬಿಟ್ಟು ಬರಬೇಕಾಗಿಲ್ಲ. ಅಲ್ಲಿನ ಗುಂಪು ಹಾಗೇ ಇರಲಿ; ಅಲ್ಲಿ ಬಂದ ಟಿಪ್ಪಣಿಗಳಲ್ಲಿ ಉಳಿಯಬೇಕಾದದ್ದನ್ನು ವಾರಕ್ಕೊಮ್ಮೆ ಎತ್ತಿ, ನೋಡಿದವರ ಒಪ್ಪಿಗೆ ಪಡೆದು, ವೇದಿಕೆಯಲ್ಲಿ ಅವರ ಹೆಸರಿನಲ್ಲೇ ಬರೆದಿಡುವ ಕೆಲಸವನ್ನು ಇಬ್ಬರು ವಹಿಸಿಕೊಂಡರೆ ನಡೆಯುತ್ತದೆ. ನಲವತ್ತು ಜನರಲ್ಲಿ ಐದಾರು ಮಂದಿ ಬರೆದು ಉಳಿದವರು ಓದಿದರೂ ಆ ದಾಖಲೆ ದಾಖಲೆಯೇ. ಖರ್ಚು ದೊಡ್ಡದಲ್ಲ, ಸಣ್ಣ ಸರ್ವರಿಗೆ ತಿಂಗಳಿಗೆ ಐನೂರು ರೂಪಾಯಿ ಆಸುಪಾಸು, ಡೊಮೇನ್ ಹೆಸರಿಗೆ ವರ್ಷಕ್ಕೆ ಒಂದಿಷ್ಟು. ದೊಡ್ಡದು ಆಸ್ಥೆ. ಸರ್ವರ್ ಅಪ್‌ಡೇಟ್ ಮಾಡುವ, ಮೇಲ್ ನಿಂತರೆ ಸರಿಪಡಿಸುವ ಒಬ್ಬರಾದರೂ ಗುಂಪಿನಲ್ಲಿ ಇಲ್ಲದಿದ್ದರೆ ಡಿಸ್ಕೋರ್ಸ್‌ನ ಗೋಜಿಗೆ ಹೋಗಬಾರದು. ಅಂಥ ಗುಂಪಿಗೆ ಗೂಗಲ್ ಗ್ರೂಪ್ಸ್ ಸಾಕು: ಕಾಸಿಲ್ಲ, ಮೇಲ್‌ನಲ್ಲೇ ನಡೆಯುತ್ತದೆ, ಗುಂಪಿನ ಒಡೆತನ ಇರುವವರು ಎಲ್ಲ ಸಂದೇಶಗಳನ್ನು ಗೂಗಲ್‌ನ ಟೇಕ್‌ಔಟ್ ಸೌಲಭ್ಯದ ಮೂಲಕ ಇಳಿಸಿಕೊಳ್ಳಬಹುದು. ಯಾಹೂ ಕೊಂಡುಕೊಂಡ ಹಳೆಯ ಮೇಲ್ ಗುಂಪು ಸೇವೆಯನ್ನು ಕಟ್ಟಿದವರಲ್ಲೊಬ್ಬರಾದ ಮಾರ್ಕ್ ಫ್ಲೆಚರ್ 2014ರಲ್ಲಿ ಆರಂಭಿಸಿದ ಗ್ರೂಪ್ಸ್.ಐಒ ಇನ್ನೂ ಅಚ್ಚುಕಟ್ಟು. ಇವೆರಡೂ ಮತ್ತೊಬ್ಬರ ಮನೆಯ ಜಗಲಿಯೇ, ನಿಜ. ಆದರೆ ಗಂಟುಮೂಟೆ ಕಟ್ಟಲು ಅಡ್ಡಿ ಮಾಡದ ಜಗಲಿ.

ಆಸ್ಥೆ ಇರುವವರು ಸಿಕ್ಕರೆ ನನ್ನ ಆಯ್ಕೆ ಡಿಸ್ಕೋರ್ಸ್, ಮೇಲ್ ವ್ಯವಸ್ಥೆ ಮೊದಲ ದಿನದಿಂದಲೇ ಚಾಲೂ ಇರುವಂತೆ. ಸರ್ವರ್ ಮತ್ತು ಡೊಮೇನ್‌ನ ಪಾಸ್‌ವರ್ಡ್ ಒಬ್ಬರಲ್ಲೇ ಇರದೆ ಎರಡು ಬೇರೆ ತಾಲ್ಲೂಕಿನ ಇಬ್ಬರಲ್ಲಿ ಇರಲಿ. ತಿಂಗಳ ಬ್ಯಾಕಪ್ ನಾಲ್ಕೂ ತಾಲ್ಲೂಕಿನಲ್ಲಿ ಒಬ್ಬೊಬ್ಬರ ಕಂಪ್ಯೂಟರಿಗೆ ಇಳಿಯಲಿ. ಬ್ಯಾಕಪ್ ಇದೆ ಎಂದು ನಂಬಿ ಕೂರದೆ ವರ್ಷಕ್ಕೊಮ್ಮೆ ಅದನ್ನು ಹೊಸ ಸರ್ವರಿನಲ್ಲಿ ಇಳಿಸಿ, ಹಳೆಯ ಟಿಪ್ಪಣಿ, ಚಿತ್ರ, ಹೆಸರು ಸರಿಯಾಗಿ ಬಂದಿವೆಯೇ ಎಂದು ನೋಡಬೇಕು. ಮಳೆ ಜಡಿಯುವ ಜುಲೈ, ಆಗಸ್ಟ್‌ನಲ್ಲಿ ಕಾಡು ಸುತ್ತುವ ಕೆಲಸ ಕಡಿಮೆ. ವೇದಿಕೆಯನ್ನು ಕೂಡಿಸಿ ಪರೀಕ್ಷಿಸಲು ಅದೇ ಸಮಯ. ಡಿಸೆಂಬರ್ ಒಳಗೆ ಎಲ್ಲರ ಮೇಲ್ ವಿಳಾಸ ಸೇರಿರಬೇಕು, ಜೊಯಿಡಾದಿಂದ ಒಂದು ಉತ್ತರವಾದರೂ ಮೇಲ್ ಹಾದಿಯಲ್ಲಿ ಬಂದು ಸರಿಯಾದ ಜಾಗದಲ್ಲಿ ಕೂತಿರಬೇಕು, ಏಕೆಂದರೆ ಜನವರಿ ಕಳೆಯುತ್ತಿದ್ದಂತೆ ಮಂಗಟ್ಟೆಗಳು ಪೊಟರೆ ನೋಡಲು ಶುರುಮಾಡುತ್ತವೆ.