ಪ್ರಪಂಚೇತಿಹಾಸದ ಪ್ರಥಮ ಪಾಠವೂ ಅಂಕದಾನದ ನ್ಯಾಯವೂ

ಪದವಿ ತರಗತಿಯ ಆರಂಭದಲ್ಲಿ ಪ್ರಪಂಚದ ಇತಿಹಾಸವನ್ನು ಕಲಿಯಬಂದ ವಿದ್ಯಾರ್ಥಿಯಿಂದ ಅಧ್ಯಾಪಕನು ಅಪೇಕ್ಷಿಸತಕ್ಕದ್ದೇನು, ಅವನ ಉತ್ತರವನ್ನು ಯಾವ ಅಳತೆಯಿಂದ ಅಳೆಯತಕ್ಕದ್ದು ಎಂಬವು ಎರಡು ಪ್ರಶ್ನೆಗಳಂತೆ ತೋರಿದರೂ ವಸ್ತುತಃ ಒಂದೇ. ಶಾಸ್ತ್ರಗ್ರಂಥಗಳು ಆದಿಯಲ್ಲಿಯೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಹೇಳುತ್ತವೆ. ಪಠ್ಯಕ್ರಮದ ಪೀಠಿಕೆಯಲ್ಲಿಯೂ ಪ್ರಯೋಜನವು ಹೇಳಲ್ಪಟ್ಟಿರುತ್ತದೆ; ಆದರೆ ವಿದ್ಯಾರ್ಥಿಯು ಓದುವದು ಪೀಠಿಕೆಯನ್ನಲ್ಲ, ಅಂಕಪಟ್ಟಿಯನ್ನು. ಯಾವುದಕ್ಕೆ ಅಂಕವು ದೊರೆಯುವದೋ ಅದೇ ಶಾಸ್ತ್ರದ ಪ್ರಯೋಜನವೆಂದು ಅವನು ತಿಳಿಯುತ್ತಾನೆ. ಹಾಗೆ ತಿಳಿದರೆ ತಪ್ಪು ಅವನದಲ್ಲ. ಆದುದರಿಂದ ಅಂಕದಾನದ ಕ್ರಮವನ್ನೂ ಒಂದು ಗ್ರಂಥವನ್ನು ವಿಮರ್ಶಿಸುವಂತೆಯೇ ವಿಮರ್ಶಿಸುವದು ಯುಕ್ತವೆಂದು ಭಾವಿಸಿ ಈ ವಿಚಾರವನ್ನು ವಿದ್ವಾಂಸರ ಮುಂದಿಡಲಾಗಿದೆ.

ಅಳತೆಗೋಲುಗಳೇನೋ ನಮ್ಮಲ್ಲಿ ಬೇಗಬೇಗನೆ ಬದಲಾಗಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2015ರಲ್ಲಿ ಹತ್ತು ಅಂಶಗಳ ಶ್ರೇಣಿಯನ್ನು ಸೂಚಿಸಿತು. ಅದರಲ್ಲಿ ಉತ್ಕೃಷ್ಟನಿಗೆ 10, ಕೇವಲ ಉತ್ತೀರ್ಣನಿಗೆ 4. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷಗಳ ಪದವಿಕ್ರಮವು ಬಂದಿತು. 2024-25ರಿಂದ ಮತ್ತೆ ಮೂರು ವರ್ಷಗಳ ಕ್ರಮವೇ ನೆಲೆಗೊಂಡಿತು. ಶ್ರೇಣಿಯು ಬಂದಿತು, ವರ್ಷಗಳು ಹೆಚ್ಚಿ ಕಡಿಮೆಯಾದವು. ಆದರೆ ಅಳೆಯಲ್ಪಡುವ ವಸ್ತುವು ಯಾವುದೆಂಬ ಪ್ರಶ್ನೆಯನ್ನು ಈ ಬದಲಾವಣೆಗಳು ಮುಟ್ಟಲಿಲ್ಲ. ಸೇರು ಹೋಗಿ ಕಿಲೋ ಬಂದರೂ ತೂಗುವದು ಹೊಟ್ಟೇ ಆಗಿದ್ದರೆ ಲಾಭವೇನು?

ಪ್ರಚಲಿತವಾದ ಪ್ರಶ್ನೆಯ ರೂಪವು ಎಲ್ಲರಿಗೂ ಪರಿಚಿತವೇ. ಫ್ರಾನ್ಸಿನ 1789ರ ಮಹಾಕ್ರಾಂತಿಗೆ ಕಾರಣಗಳನ್ನೂ ಪರಿಣಾಮಗಳನ್ನೂ ವಿವರಿಸಬೇಕು; ಇಂತಹ ವಿಷಯಕ್ಕೆ ಟಿಪ್ಪಣಿಯನ್ನು ಬರೆಯಬೇಕು. ಉತ್ತರದಲ್ಲಿ ಇಷ್ಟು ಅಂಶಗಳಿದ್ದರೆ ಇಷ್ಟು ಅಂಕ. ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿಯೇ ಹೇಳಬೇಕು. ಉತ್ತರಪತ್ರಿಕೆಗಳು ರಾಶಿ ರಾಶಿ, ತಿದ್ದುವವರು ಅನೇಕರು, ಅವರೊಳಗೆ ಏಕರೂಪತೆಯಿಲ್ಲದಿದ್ದರೆ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ. ಅಂಶಗಳನ್ನು ಎಣಿಸುವದರಲ್ಲಿ ಪಕ್ಷಪಾತಕ್ಕೆ ಎಡೆಯಿಲ್ಲ. ಅಲ್ಲದೆ ಬಸವಕಲ್ಯಾಣ, ಹುಮನಾಬಾದಗಳ ಕಡೆಯ ವಿದ್ಯಾರ್ಥಿಗಳಲ್ಲಿ ಮನೆಯಲ್ಲಿ ಮರಾಠಿಯನ್ನೋ ಉರ್ದುವನ್ನೋ ಆಡಿ ಕನ್ನಡದಲ್ಲಿ ಉತ್ತರ ಬರೆಯತಕ್ಕವರೂ ಇದ್ದಾರೆ. ಅವರಿಂದ ಮೊದಲ ವರ್ಷದಲ್ಲಿಯೇ ಸ್ವತಂತ್ರ ವಿಚಾರವನ್ನು ಅಪೇಕ್ಷಿಸುವದು ಅಧಿಕವಾದೀತು. ಈ ವಾದವು ತುಚ್ಛವಲ್ಲ.

ಹೀಗಿದ್ದರೂ ಈ ಕ್ರಮದ ದೋಷವು ಎಷ್ಟು ಆಳವಾದುದೆಂಬದನ್ನು ಕಲ್ಯಾಣದ ಒಂದು ಉದಾಹರಣೆಯೇ ತೋರಿಸುತ್ತದೆ. ಅನುಭವಮಂಟಪವು ಪ್ರಪಂಚದ ಪ್ರಥಮ ಸಂಸತ್ತು, ಅದು 1215ರ ಮಹಾಸನ್ನದಿಗಿಂತಲೂ ಹಿಂದಿನದು ಎಂಬ ವಾಕ್ಯವು ಈಗ ಭಾಷಣಗಳಲ್ಲಿ ಸಾಮಾನ್ಯವಾಗಿದೆ. ಬಸವಕಲ್ಯಾಣದಲ್ಲಿ 2021ರಲ್ಲಿ ನೂತನ ಮಂಟಪಕ್ಕೆ ಶಂಕುಸ್ಥಾಪನೆಯಾದ ಮೇಲಂತೂ ಇನ್ನಷ್ಟು. ಒಬ್ಬ ವಿದ್ಯಾರ್ಥಿಯು ಈ ವಾಕ್ಯವನ್ನು ಹಾಗೆಯೇ ಬರೆಯುತ್ತಾನೆ. ಇನ್ನೊಬ್ಬನು, ಇದನ್ನು ಹೇಳುವ ಆಧಾರವು ಯಾವ ಕಾಲದ್ದು, ಸಂಸತ್ತೆಂದರೇನು ಎಂದು ಕೇಳಿ, ಅರ್ಧ ಪುಟವನ್ನು ಆ ಸಂಶಯಕ್ಕೇ ಕೊಡುತ್ತಾನೆ. ಅಂಶಗಳನ್ನೆಣಿಸುವ ತಕ್ಕಡಿಯಲ್ಲಿ ಮೊದಲನೆಯವನೇ ಭಾರವಾಗುವನು. ಎರಡನೆಯವನ ಸಂಶಯವು ಒಂದು ಅಂಶವೆನಿಸುವದಿಲ್ಲ.

ವಿಷಯವನ್ನು ವಿಚಾರಿಸಿ ನೋಡೋಣ. ಮಹಾಸನ್ನದು ರಾಜನ ಅಧಿಕಾರಕ್ಕೆ ಮೇರೆಯನ್ನು ಹಾಕಿದ ಪತ್ರವೇ ಹೊರತು ಸಂಸತ್ತಲ್ಲ. ಇಂಗ್ಲೆಂಡಿನಲ್ಲಿ ಪಟ್ಟಣಗಳ ಪ್ರತಿನಿಧಿಗಳನ್ನೂ ಕರೆದ ಪ್ರಸಿದ್ಧ ಸಭೆಯು 1265ರದು. ಸಭೆ ಕೂಡಿದುದನ್ನೇ ಸಂಸತ್ತೆನ್ನುವದಾದರೆ ಐಸ್‌ಲೆಂಡಿನ ಆಲ್ಥಿಂಗ್ ಸಭೆಯು 930ರಲ್ಲಿಯೇ ಆರಂಭವಾಯಿತು; ಆಗ ಪ್ರಥಮವೆಂಬ ಮಾತು ನಿಲ್ಲದು. ಇನ್ನು ಆಧಾರಗಳು: ಬಸವಣ್ಣನವರನ್ನು ಹೆಸರಿಸುವ ಅರ್ಜುನವಾಡದ ಶಾಸನವು 1260ರದು, ಶರಣರ ಗೋಷ್ಠಿಯನ್ನು ವಿಸ್ತಾರವಾದ ಸಂವಾದರೂಪದಲ್ಲಿ ಕಟ್ಟಿಕೊಡುವ ಶೂನ್ಯಸಂಪಾದನೆಯು 15ನೆಯ ಶತಮಾನದ್ದು, ವಚನಗಳು ಶರಣರವೇ ಆದರೂ ಸಂಕಲನಗಳ ಮೂಲಕ ಬಂದವು. ಇದರಿಂದ ಶರಣರ ಮಹಿಮೆಗೆ ಕುಂದಿಲ್ಲ. ವಸ್ತುತಃ ಸಂಸತ್ತೆಂಬ ಹೋಲಿಕೆಯೇ ಆ ಗೋಷ್ಠಿಯ ವಿಶೇಷವನ್ನು ಮರೆಮಾಡುತ್ತದೆ. ಕರವಿಧಿಸುವದಕ್ಕಾಗಲಿ ಕಾನೂನು ಮಾಡುವದಕ್ಕಾಗಲಿ ಅವರು ಕೂಡಲಿಲ್ಲ. ಮಡಿವಾಳ, ಅಂಬಿಗ, ಮಾದಾರ ಮೊದಲಾದ ಕಾಯಕದವರೂ ಹೆಂಗಸರೂ ತತ್ತ್ವವನ್ನು ಕನ್ನಡದಲ್ಲಿ ವಾದಿಸಿದರೆಂಬದು ಅದರ ಹಿರಿಮೆ. 1265ರ ಸಭೆಯಲ್ಲಿ ಇವರಿಗೆ ಸ್ಥಾನವಿರಲಿಲ್ಲ. ಪರರ ಹೆಸರನ್ನು ಎರವಲು ತಂದು ನಮ್ಮದನ್ನು ಅಲಂಕರಿಸುವಾಗ ನಮ್ಮ ಒಡವೆಯೇ ಕಾಣದಂತಾಗುತ್ತದೆ. ಸಂಶಯಪಟ್ಟ ವಿದ್ಯಾರ್ಥಿಯು ಈ ಹಿರಿಮೆಯ ಹತ್ತಿರಕ್ಕೆ ಬಂದಿದ್ದನು. ಅಂಕವು ಅವನನ್ನು ಹಿಂದಕ್ಕೆ ಕಳುಹಿಸಿತು.

ಹಾಗಾದರೆ ಅಪೇಕ್ಷೆ ಯಾವುದು? ಇದಕ್ಕೆ ದೂರ ಹೋಗಬೇಕಾದುದಿಲ್ಲ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದನು. ಯಾಜ್ಞವಲ್ಕ್ಯನನ್ನನುಸರಿಸಿ ವ್ಯವಹಾರದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳನ್ನು ಅವನು ವಿವರಿಸುತ್ತಾನೆ. ಪತ್ರವನ್ನು ಬರೆದವನಾರು, ಸಾಕ್ಷಿಯು ಕಂಡದ್ದೇನು, ಕೇಳಿದ್ದೇನು ಎಂಬ ವಿಚಾರವಿಲ್ಲದೆ ತೀರ್ಪಿಲ್ಲ. ಇತಿಹಾಸಕ್ಕೆ ಬೇಕಾದ ಬುದ್ಧಿಯೂ ಇದೇ. ಈ ಗ್ರಂಥದ ದಾಯಭಾಗಪ್ರಕರಣವು 1810ರಲ್ಲಿ ಕೋಲ್‌ಬ್ರೂಕನಿಂದ ಇಂಗ್ಲಿಷಿಗೆ ಬಂದು ಆಂಗ್ಲ ನ್ಯಾಯಾಲಯಗಳಲ್ಲಿ ಪ್ರಮಾಣವಾಯಿತು. ಕಲ್ಯಾಣದ ಒಂದು ವ್ಯಾಖ್ಯಾನವು ಲಂಡನ್ನಿನ ನ್ಯಾಯಪೀಠವನ್ನು ಮುಟ್ಟಿದುದು ಪ್ರಪಂಚೇತಿಹಾಸವಲ್ಲದೆ ಮತ್ತೇನು?

ಹುಮನಾಬಾದ ತಾಲೂಕಿನ ಜಲಸಂಗಿಯ ದೇವಾಲಯದಲ್ಲಿ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಸಪ್ತದ್ವೀಪಯುಕ್ತವಾದ ಭೂಮಿಯು ಚಾಲುಕ್ಯ ವಿಕ್ರಮಾದಿತ್ಯನಿಗೆ ವಶವಾಗುವದೆಂಬದು ಆ ಬರೆಹದ ತಾತ್ಪರ್ಯ. ಇದು ಲಿಖಿತ. ಆದರೆ ಭುಕ್ತಿಯೆಲ್ಲಿ? ಅವನು 1076ರಲ್ಲಿ ಪಟ್ಟವೇರಿದ ಮರುವರ್ಷವೇ, 1077ರಲ್ಲಿ, ಅವನ ವೈರಿಯಾದ ಚೋಳ ಕುಲೋತ್ತುಂಗನ ಕಾಲದ ರಾಯಭಾರವು ಚೀನಕ್ಕೆ ಹೋಯಿತು; 1099ರಲ್ಲಿ ಯುರೋಪಿನ ಧರ್ಮಯೋಧರು ಜೆರೂಸಲೇಮನ್ನು ಹಿಡಿದರು. ಸಪ್ತದ್ವೀಪವೆಂಬ ಕವಿಸಮಯದ ಲೋಕವು ಯಾವುದು, ಹಡಗುಗಳು ಸಂಚರಿಸಿದ ಲೋಕವು ಯಾವುದು, ಇವೆರಡರ ಅಂತರವೆಷ್ಟು? ಇಂತಹ ಪ್ರಶ್ನೆಗೆ ಒಂದು ಪುಟದ ಉತ್ತರವನ್ನು ಬರೆಯುವ ಶಕ್ತಿಯು ಮೊದಲ ವರ್ಷದ ವಿದ್ಯಾರ್ಥಿಗೆ ಇಲ್ಲವೆನ್ನುವದು ಅವನನ್ನು ಅವಮಾನಿಸಿದಂತೆ.

ಸಿದ್ಧಾಂತವಿದು. ಹತ್ತು ಅಂಕಗಳ ಉತ್ತರದಲ್ಲಿ ನಾಲ್ಕು ವಸ್ತುಜ್ಞಾನಕ್ಕೆ, ಮೂರು ಆಧಾರದ ಬಲಾಬಲವಿಚಾರಕ್ಕೆ, ಎರಡು ಹೋಲಿಕೆಯ ಔಚಿತ್ಯಕ್ಕೆ, ಒಂದು ಬರೆಹದ ಸ್ಪಷ್ಟತೆಗೆ ಇರಲಿ. ಭಾಷೆಗೆ ಒಂದೇ ಅಂಕವಾದುದರಿಂದ ಮರಾಠಿ, ಉರ್ದು ಮನೆಮಾತಿನವರಿಗೆ ಹಾನಿಯಿಲ್ಲ. ವಸ್ತುಜ್ಞಾನಕ್ಕೆ ನಾಲ್ಕಿರುವದರಿಂದ ಓದದವನು ವಾಚಾಳತ್ವದಿಂದ ಗೆಲ್ಲಲಾರನು. ಓದಿದವನು ತೇರ್ಗಡೆಗೆ ಹೆದರಬೇಕಾಗಿಲ್ಲ. ಏಕರೂಪತೆ ಕೆಡುವದೆಂಬ ಶಂಕೆಗೆ ಸಮಾಧಾನವು ಹೀಗೆ: ವಿಭಾಗಕ್ರಮವನ್ನು ಪ್ರಶ್ನೆಪತ್ರಿಕೆಯ ತಲೆಯಲ್ಲಿಯೇ ಅಚ್ಚು ಹಾಕಿಸಿ, ತಿದ್ದುವವರೆಲ್ಲರೂ ಮೊದಲು ಐದಾರು ಉತ್ತರಗಳನ್ನು ಕೂಡಿ ತಿದ್ದಿ ಒಮ್ಮತಕ್ಕೆ ಬರಲಿ. ಹೀಗೆ ಮಾಡಿಯೂ ಅರ್ಧ ಅಂಕದ ಭೇದವು ಉಳಿದೀತು. ಸಂಶಯಿಸಿದವನಿಗೆ ನಿಶ್ಚಯವಾಗಿ ಆಗುತ್ತಿರುವ ನಷ್ಟಕ್ಕಿಂತ ಅದು ಅಲ್ಪ.

ಇದರಲ್ಲಿ ನಿಜವಾಗಿ ಕಠಿಣವಾದುದು ಅಧ್ಯಾಪಕನ ಕೆಲಸವೇ. ಆಧಾರಗಳನ್ನು ವಿದ್ಯಾರ್ಥಿಯ ಮುಂದಿಡದೆ ಆಧಾರವಿಚಾರಕ್ಕೆ ಅಂಕವನ್ನಿಟ್ಟರೆ ಅದು ಬಿತ್ತದೆ ಬೆಳೆ ಕೇಳಿದಂತೆ. ಪ್ರಪಂಚೇತಿಹಾಸದ ಮೂಲಲೇಖಗಳ ಆಯ್ದ ಭಾಗಗಳು, ನಮ್ಮ ಶಾಸನಗಳೊಡನೆ, ಕನ್ನಡದಲ್ಲಿ ಒಂದು ಸಣ್ಣ ಪುಸ್ತಕವಾಗಿ ಬರುವದು ಮೊದಲು ಆಗಬೇಕಾದ ಕಾರ್ಯ. ಬೀದರಿಗೆ 15ನೆಯ ಶತಮಾನದಲ್ಲಿ ಬಂದ ರಷ್ಯದ ವರ್ತಕ ನಿಕಿತಿನನ ವೃತ್ತಾಂತಕ್ಕೂ ಅದರಲ್ಲಿ ಎಡೆಯಿರಲಿ. ಅವನು ಕಂಡ ಸಾಕ್ಷಿ. ಈ ಭಾಗದ ಅಧ್ಯಾಪಕರು ಆ ಭಾರವನ್ನು ಹೊರುವರೆಂದೂ, ಮೇಲೆ ಹೇಳಿದ ವಿಭಾಗಕ್ರಮದಲ್ಲಿ ದೋಷವಿದ್ದರೆ ವಿದ್ವಾಂಸರು ಎತ್ತಿ ತೋರಿಸುವರೆಂದೂ ನಂಬಲಾಗಿದೆ.